ಪಶ್ಚಿಮ ಮುಖದ ಹದ್ದು

ಟಾಲಿಗಂಜ್, ಕಲ್ಕತ್ತ
೧೮ ಫೆಬ್ರವರಿ ೨೦೦೭, ಭಾನುವಾರ

ಚಿ. ಪ್ರೇರಣಾಳಿಗೆ, ನಿನ್ನ ಮಾವ ನಂಜುಂಡಪ್ಪನ ಆಶೀರ್ವಾದಗಳು.

ಕೆಳಗೆ ಸಹಿ ಮಾಡಿರುವ ನಾನು, ಖಿದಿರ್‌ಪುರದ ಬಂದರು ಕಚೇರಿಯಲ್ಲಿ ಇಡೀ ಸರ್ವೀಸು ಮುಗಿಸಿಯೂ ಒಂದು ಗುಂಡುಸೂಜಿಯನ್ನು ಮನೆಗೆ ತಾರದವನು, ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಡಿಸೆಂಬರಿನಲ್ಲಿ ನಿನ್ನ ಅತ್ತೆಯ ಹೊಚ್ಚಹೊಸ ತೆಂಗಿನಕಡ್ಡಿ ಪೊರಕೆಯನ್ನು ಕದ್ದವನು ನಾನೇ. ಅದರ ಜೊತೆಗೆ ಬೀರುವಿನ ತಂತಿ ಹ್ಯಾಂಗರುಗಳನ್ನೂ, ಅವಳು ಅರ್ಧ ಹೆಣೆದು ಬಿಟ್ಟಿದ್ದ ಮಫ್ಲರಿನ ಉಣ್ಣೆಯನ್ನೂ ಲಪಟಾಯಿಸಿದ್ದೇನೆ. ಸುಭದ್ರಾ ಇಂದಿಗೂ ಕೆಳಮನೆಯ ಘೋಷ್ ಬಾಬುವಿನ ಮೇಲೆ ಅನುಮಾನ ಇಟ್ಟುಕೊಂಡಿದ್ದಾಳೆ. ಆತ ಪಾಪ ನಮಸ್ಕಾರ ಅಂದರೆ ಇವಳು ಆತನ ಬಾಗಿಲ ಹಿಂದೆ ಇಣುಕುತ್ತಾಳೆ.

ನಗು ಬಂದಿದ್ದರೆ ಈಗಲೇ ನಕ್ಕುಬಿಡು. ಮುಂದೆ ಅಷ್ಟು ಸಿಗುವುದಿಲ್ಲ.

ನೀನು ಸಾಲ್ಟ್ ಲೇಕಿನಲ್ಲಿ, ನಾನು ಟಾಲಿಗಂಜಿನಲ್ಲಿ; ಒಂದೇ ಊರಿನೊಳಗೆ ಟಪಾಲು ಹಾಕುವ ಈ ಮುದುಕನಿಗೆ ಏನಾಯಿತು ಎಂದುಕೊಳ್ಳಬೇಡ. ಫೋನಿನಲ್ಲಿ ನೀನು ಆಫೀಸಿನ ದನಿಯಲ್ಲಿ “ಹೇಳಿ ಮಾವ” ಅಂದ ಕೂಡಲೇ ಹೇಳಬೇಕಾದದ್ದನ್ನು ಬಿಟ್ಟು ಹವಾಮಾನ ವಿಚಾರಿಸಿ ಫೋನ್ ಇಟ್ಟುಬಿಡುತ್ತೇನೆ. ಕಾಗದ ನನ್ನನ್ನು ತಡೆಯುವುದಿಲ್ಲ. ಅದಕ್ಕೆ ಆ ದನಿ ಇಲ್ಲ.

ನಮ್ಮ ಬಡಾವಣೆಯ ಪಾರ್ಕಿನ ಬಂಡೆಯ ಕಾನೂನು ನಿನಗೆ ಗೊತ್ತಿದೆ. ಕಲ್ಲು ಸಿಮೆಂಟು ಸೇರಿಸಿ ಕಟ್ಟಿದ ಆ ಕೃತಕ ಗುಡ್ಡಕ್ಕೆ ಮಳೆಗಾಲ ಪೂರ್ತಿ ರಜೆ, ಯಾಕೆಂದರೆ ಪಾಚಿ. ದೀಪಾವಳಿಯ ಹೊತ್ತಿನ ಕಾಳಿಪೂಜೆ ಕಳೆದ ಮೇಲೆ ಪಾಚಿ ಉಜ್ಜಿ, ಬೋಲ್ಟುಗಳನ್ನು ಜಗ್ಗಿ ನೋಡಿ, ಹತ್ತುವವರಿಗೆ ಬಿಡುತ್ತಾರೆ. ಏಪ್ರಿಲಿನಲ್ಲಿ ಕಲ್ಲು ಕಾದ ಹೆಂಚಾಗುತ್ತದೆ; ಮತ್ತೆ ಬೀಗ. ಈ ಚಳಿಗಾಲದ ನಡುವೆಯೇ ಹದ್ದು ಗೂಡು ಕಟ್ಟಿದರೆ, ಮರಿ ಹಾರುವ ತನಕ ಬಂಡೆಯ ಆ ಬದಿಯ ಮುಖವನ್ನು ಮುಚ್ಚಬೇಕು. ಈ ಕೊನೆಯ ನಿಯಮವನ್ನು ಬರೆದವನು ನಾನು. ಆ ಕಮಿಟಿಯಲ್ಲಿ ಮಾತು ಜಾಸ್ತಿ, ಚಹಾ ಕಮ್ಮಿ. ಅದಕ್ಕೇ ಅದನ್ನು ಕಮ್ಮಿ-ಟೀ ಎನ್ನುತ್ತಾರೆಂದು ನಾನು ಜೋಕು ಹೊಡೆದರೆ ಒಬ್ಬ ಬಂಗಾಳಿಗೂ ಅರ್ಥವಾಗಲಿಲ್ಲ. ನಮ್ಮ ಮಿಹಿರ್ ಇದ್ದಿದ್ದರೆ ಅವನೊಬ್ಬನೇ ನಗುತ್ತಿದ್ದ.

ನಾನು ಕಮಿಟಿ ಸೇರಿದ್ದು ಅವನು ಹೋದ ಮೇಲೆ. ಎಲ್ಲರೂ ಹೊಗಳಿದರು, ಮಗನ ನೆನಪಿಗೆ ಸೇವೆ ಮಾಡುತ್ತಿದ್ದಾರೆ ಎಂದು. ನನ್ನ ಸೇವೆ ಎಂಥದ್ದು ನೋಡು. ಮೊದಲ ವರ್ಷ ಪಶ್ಚಿಮ ಮುಖದಲ್ಲಿ ಪಾಚಿ ಹೋಗಿಲ್ಲ ಎಂದು ಬರೆದೆ. ಈ ವರ್ಷ ಬೋಲ್ಟು ಸಡಿಲ ಎಂದೆ. ಹೊಸ ಬೋಲ್ಟು ಬಂತು. ಮಿಹಿರ್ ಹತ್ತುತ್ತಿದ್ದ ಮುಖ ಅದೊಂದೇ. ಪೂರ್ವದ್ದು ಮಕ್ಕಳಾಟ ಅನ್ನುತ್ತಿದ್ದ. ಬಂದ್‌ಗಳ ಊರಿನಲ್ಲಿ ಒಂದು ಬಂಡೆ ಬಂದ್ ಆದರೆ ಯಾರು ಕೇಳುತ್ತಾರೆ?

ನೀನು ಕೇಳಿದೆ. ಡಿಸೆಂಬರಿನಲ್ಲಿ ಮನೆಗೆ ಬಂದು, ಮಾರ್ಚ್ ಕೊನೆಗೆ ನಿನಗೆ ಪುಣೆಗೆ ವರ್ಗವಾಗಿದೆ, ಚಿನ್ಮಯಿಯ ಪರೀಕ್ಷೆ ಮುಗಿದ ಕೂಡಲೇ ಹೊರಡುತ್ತೀರಿ, ಅದಕ್ಕೆ ಮೊದಲು ಅವಳು ಒಂದು ಸಲ ಅವಳಪ್ಪನ ದಾರಿಯಲ್ಲಿ ಹತ್ತಬೇಕಂತೆ, ಹಗ್ಗ ನೀನೇ ಹಿಡಿಯುತ್ತೀ ಎಂದೆ. ನಾನು ನಿಯಮ, ಋತು, ವಿಮೆ ಎಂದೆಲ್ಲ ಒದರಿದೆ. ಆಗ ನೀನು ಹೇಳಿದ ಮಾತು ಇವತ್ತಿಗೂ ಇಲ್ಲೇ ಇದೆ, ಎದೆಗೂಡಿನ ಎಡಕ್ಕೆ. “ಮಾವ, ಹಗ್ಗ ಕಟ್ಟಿಕೊಂಡಾಗ ಅವರಿಗೆ ಏನೂ ಆಗಲಿಲ್ಲ. ಆಫೀಸಿನ ಕಾರಲ್ಲಿ ಸುಮ್ಮನೆ ಕೂತಿದ್ದಾಗ ಹೋದರು.”

ನಿಜ. ಬೈಪಾಸಿನಲ್ಲಿ ಲಾರಿ ಬಂದದ್ದು, ಶಿಫ್ಟು ಮುಗಿಸಿ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದವನ ಮೇಲೆ. ಬಂಡೆಯದು ಏನೂ ತಪ್ಪಿಲ್ಲ. ಆದರೆ ಬೈಪಾಸಿಗೆ ಬೀಗ ಹಾಕಲು ನನಗೆ ಅಧಿಕಾರವಿಲ್ಲ ಪ್ರೇರಣಾ. ಬಂಡೆಗೆ ಇತ್ತು.

ಈಗ ಪೊರಕೆಗೆ ಬರುತ್ತೇನೆ. ಬಂಡೆಯ ಬೆನ್ನಿಗೆ ಮಾಲಿ ಹಾರಾಧನ್ ಓಡಾಡುವ ಮೆಟ್ಟಿಲುಗಳಿವೆಯಲ್ಲ, ಅವುಗಳ ಮೇಲೆ ನಾಲ್ಕು ಕಾಲಿನ ಪ್ರಾಣಿಯಾಗಿ ಏರಿ, ಪಶ್ಚಿಮ ಮುಖದ ನೆತ್ತಿಯ ಚಾಚುಗಲ್ಲಿನ ಮೇಲೆ ಕಡ್ಡಿ, ತಂತಿ, ಉಣ್ಣೆ ಸೇರಿಸಿ ಒಂದು ಗೂಡು ಕಟ್ಟಿದೆ. ಈ ಊರಿನ ಹದ್ದುಗಳೂ ಕಾಗೆಗಳೂ ಇದರಿಂದಲೇ ಕಟ್ಟುವುದು. ನನ್ನ ಕೈಕೆಲಸ ತಕ್ಕಮಟ್ಟಿಗೆ ನಂಬುವಂತಿತ್ತು. ಕೆಳಗಿಳಿದು ‘ಹದ್ದಿನ ಗೂಡು, ಈ ಮುಖ ಮುಚ್ಚಿದೆ’ ಎಂದು ಫಲಕ ತೂಗುಹಾಕಿದೆ. ಇಲ್ಲದ ಹದ್ದಿಗಾಗಿ ನಾನು ಹದ್ದು ಮೀರಿದ್ದು ಹೀಗೆ.

ಜನವರಿಯಲ್ಲಿ ನೀವಿಬ್ಬರೂ ಬಂದಿರಿ. ನೀನು ಫಲಕ ಓದಿ ನನ್ನ ಮುಖ ನೋಡಿದೆ, ಚಹಾದಂಗಡಿಗೆ ಹೋದೆ. ಚಿನ್ನು ಮಾತ್ರ ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. ನಾನು ಎಂದಿನಂತೆ ದೊಡ್ಡ ದನಿಯಲ್ಲಿ ಏನೋ ತಮಾಷೆ ಶುರುಮಾಡಿದೆ. ಅವಳು ತುಟಿಗೆ ಬೆರಳಿಟ್ಟು, “ತಾತ, ಆಸ್ತೆ. ಬೇಬೀಸ್ ಮಲ್ಗಿರತ್ತೆ” ಅಂದಳು. ಆ ಸಂಜೆ ಪೂರ್ತಿ ಆ ಮಗು ಪಿಸುಗುಟ್ಟಿಯೇ ಮಾತಾಡಿತು. ಬಿಸ್ಕತ್ತಿನ ಪೊಟ್ಟಣವನ್ನೂ ಸದ್ದಾಗದ ಹಾಗೆ ಬಿಡಿಸಿತು. ಹೊರಡುವಾಗ ಕಿವಿಗೆ ಬಾಯಿಟ್ಟು ಅಪ್ಪನ ಬಗ್ಗೆ ಕೇಳಿತು: “ಬಾಬಾ ಲೆಫ್ಟ್ ಫುಟ್ ಎಲ್ಲಿ ಇಡ್ತಿದ್ರು ತಾತ? ನೀವು ನೋಡಿದೀರಲ್ಲ.” ಮುಂದಿನ ಸಲ ಹೇಳುತ್ತೇನೆ ಎಂದೆ.

ಅಂದಿನಿಂದ ಅನ್ನ ಸೇರಲಿಲ್ಲ. ಖಾಲಿ ಗೂಡಿನ ಮುಂದೆ ನನ್ನ ಮೊಮ್ಮಗಳು ಪಿಸುಗುಟ್ಟುತ್ತಿದ್ದಾಳೆ; ಅದರೊಳಗಿರುವುದು ಅವಳ ಅಜ್ಜಿಯ ಪೊರಕೆ. ಮನಸ್ಸು ಗಟ್ಟಿಮಾಡಿದೆ. ಗೂಡು ತೆಗೆಯುತ್ತೇನೆ, ಫಲಕ ಇಳಿಸುತ್ತೇನೆ, ಮರಿ ಹಾರಿಹೋಯಿತೆಂದು ಇನ್ನೊಂದೇ ಒಂದು ಸುಳ್ಳು ಹೇಳಿ ನಿಮ್ಮನ್ನು ಕರೆಯುತ್ತೇನೆ. ನಿನ್ನೆ ಬೆಳಿಗ್ಗೆ ಮತ್ತೆ ಮೆಟ್ಟಿಲೇರಿದೆ.

ಗೂಡಿನಲ್ಲಿ ಹದ್ದು ಕೂತಿತ್ತು.

ಅಂಥ ಕಣ್ಣನ್ನು ನಾನು ಆಡಿಟ್ ಆಫೀಸರುಗಳಲ್ಲೂ ಕಂಡಿಲ್ಲ. ಕೊರಳು ಚಾಚಿ ಕಿರುಚಿತು, ಏಳಲಿಲ್ಲ. ನಾನು ಕಟ್ಟಿದ್ದರ ಮೇಲೆ ತಾನೂ ಒಂದಿಷ್ಟು ಸೇರಿಸಿತ್ತು: ಹರಿದ ಪ್ಲಾಸ್ಟಿಕ್ಕು, ಯಾವುದೋ ಮೆರವಣಿಗೆಯ ಕೆಂಬಾವುಟದ ತುಂಡು. ಈ ಊರಿನಲ್ಲಿ ಹದ್ದಿಗೂ ಯೂನಿಯನ್ ಇದೆ. ಕೆಳಗಿಳಿದು, ಕೋಲಿನಿಂದ ಎಬ್ಬಿಸಿದರೆ ಹೇಗೆ ಎಂದು ಹಾರಾಧನನನ್ನು ಕೇಳಿದೆ. ಮೊಟ್ಟೆ ಇಟ್ಟಾಗಿದೆ ಬಾಬು ಅಂದ. ಫಲಕ ಹಾಕಿದವರು ನೀವೇ, ಈಗ ಏಳಿಸಿ ಅನ್ನುವವರೂ ನೀವೇನಾ ಎಂದು ನಕ್ಕ. ಅವನಿಗೆ ನನ್ನ ಡಿಸೆಂಬರಿನ ಸಾಹಸ ಗೊತ್ತಿಲ್ಲ. ಗೊತ್ತಿದ್ದರೂ ನಗುತ್ತಿದ್ದ.

ಮೊಟ್ಟೆ ಒಡೆದು, ಮರಿ ಬಲಿತು ಹಾರುವ ಹೊತ್ತಿಗೆ ಮೇ ತಿಂಗಳು. ಅಷ್ಟರಲ್ಲಿ ಬಿಸಿಲಿನ ಬೀಗ, ಅದರ ಹಿಂದೆಯೇ ಮಳೆಯ ಬೀಗ. ಬೀಗ ತೆಗೆಯುವ ಹೊತ್ತಿಗೆ ನೀವು ಪುಣೆಯವರು. ಹೊಸ ಬೋಲ್ಟು ಬಂದ ದಿನವೇ ನಾನು ಸುಮ್ಮನಿದ್ದಿದ್ದರೆ ಚಿನ್ನು ಇಷ್ಟು ಹೊತ್ತಿಗೆ ಆ ಚಾಚುಗಲ್ಲಿನ ಮೇಲೆ ನಿಂತು ನಮಗೆ ಕೈ ಬೀಸಿ ಇಳಿದಾಗಿರುತ್ತಿತ್ತು. ಅವಳಿಗಿದ್ದ ಒಂದು ಚಳಿಗಾಲವನ್ನು ನಾನು ಕದ್ದೆ. ಪೊರಕೆ ಬರೀ ಪೀಠಿಕೆ.

ಬೇಕಾದರೆ ಕಮಿಟಿಗೆ ಹೇಳು, ನಿನಗೆ ಆ ಹಕ್ಕಿದೆ. ಬೈಯಬೇಕೆಂದಿದ್ದರೆ ಬಂದು ಬೈಯಿ. ಚಿನ್ನುವಿಗೆ ಏನು ಹೇಳಬೇಕೋ ನನಗೆ ತಿಳಿಯುತ್ತಿಲ್ಲ. ಅವಳು ನಂಬಿದ್ದು ಈಗ ನಿಜವಾಗಿದೆ ಎಂಬುದೊಂದೇ ನೆವ. ಅದು ನನಗೇ ಸಾಲುತ್ತಿಲ್ಲ.

ಆದರೂ ಒಂದು ಅವಳಿಗೆ ಕೊಡಬಲ್ಲೆ. ಹತ್ತಲಾಗದಿದ್ದರೂ ದಾರಿ ತಿಳಿಯಲಿ. ಮಿಹಿರ್ ಹತ್ತುವುದನ್ನು ನನ್ನಷ್ಟು ನೋಡಿದವರು ಈ ಕಲ್ಕತ್ತದಲ್ಲೇ ಇಲ್ಲ. ಭಾನುವಾರ ತಪ್ಪಿಸದೆ ಅದೇ ಬೆಂಚು, ಅದೇ ನಾನು. ಆದ್ದರಿಂದ ಅವಳಿಗೆ ಓದಿ ಹೇಳು: ಮೊದಲು ಬಲಗೈ ಹಲಸಿನ ತೊಳೆಯಂಥ ಉಬ್ಬಿಗೆ. ಆಮೇಲೆ ಎಡಗಾಲು ಕೆಳಗಿನ ಸೀಳಿಗೆ, ಹೆಬ್ಬೆರಳಿನ ತುದಿ ಮಾತ್ರ. ಅಲ್ಲಿಂದ ನಿಧಾನವಾಗಿ ಮೈಯನ್ನು ಬಲಕ್ಕೆ ತಿರುಗಿಸಿ ಎಡಗೈಯಿಂದ ಚಾಚುಗಲ್ಲಿನ ಅಂಚು ಹಿಡಿಯುತ್ತಿದ್ದ, ಮೇಲೆ ಹೋಗಿ ನನ್ನ ಕಡೆ ನೋಡಿ ನಗುತ್ತಿದ್ದ. ಆ ನಗು ನನ್ನ ಕಣ್ಣಿಗೆ ಕಟ್ಟಿದೆ.

ಮುಂದಿನ ಭಾನುವಾರ ಸಂಜೆ ಬೆಂಚಿನಲ್ಲಿ ಇರುತ್ತೇನೆ. ಬರಲೇಬೇಕೆಂದು ಹೇಳುವ ಯೋಗ್ಯತೆ ನನಗಿಲ್ಲ.

ಚಿನ್ನುವಿಗೆ ಮುತ್ತು. ಸಾಲ್ಟ್ ಲೇಕಿನ ಧೂಳಿನಲ್ಲಿ ಅವಳ ಕೆಮ್ಮು ಹೆಚ್ಚಿಸಬೇಡ.

ಇತಿ, ಪೊರಕೆಗಳ್ಳನೂ ನಿನ್ನ ಮಾವನೂ ಆದ
ನಂಜುಂಡಪ್ಪ

ತಾ.ಕ.: ಅಂಟು ಹಚ್ಚುವ ಮೊದಲು ನಿನ್ನ ಅತ್ತೆ ಕಾಗದ ಕಿತ್ತುಕೊಂಡು ಪೂರ್ತಿ ಓದಿದಳು. ಪೊರಕೆಯ ಸುದ್ದಿ ಎತ್ತಲೇ ಇಲ್ಲ. ದಾರಿಯ ಸಾಲುಗಳ ಮೇಲೆ ಬೆರಳಿಟ್ಟು, “ಇದನ್ನೆಲ್ಲ ನೀವು ಯಾವಾಗ ನೋಡಿದ್ರಿ?” ಎಂದು ಕೇಳಿ ಒಳಗೆ ಹೋದಳು.

ನೋಡಿಲ್ಲ ಪ್ರೇರಣಾ. ಒಂದು ಸಲವೂ ನೋಡಿಲ್ಲ. ಅವನ ಕಾಲು ನೆಲ ಬಿಟ್ಟ ಕೂಡಲೇ, ಊರಿಂದ ಮೂರು ದಿನ ತಡವಾಗಿ ಬರುವ ಕನ್ನಡ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದೆ. ಎಷ್ಟೋ ಸಲ ಅದು ತಲೆಕೆಳಗಾಗಿಯೂ ಇರುತ್ತಿತ್ತು. ಮೇಲೆ ಬರೆದ ಉಬ್ಬು, ಸೀಳು ಎಲ್ಲವೂ ನಿನ್ನೆ ಬೆಂಚಿನಲ್ಲಿ ಕೂತು ಬರಿಗಲ್ಲನ್ನು ನೋಡಿ ಊಹಿಸಿದ್ದು. ಆ ನಗುವೂ ಊಹೆ. ನೀನು ಹಗ್ಗ ಸಡಿಲಿಸುತ್ತಾ “ಮಾವ, ಇಳಿದ್ರು” ಎಂದು ಕೂಗಿದ ಮೇಲೆ ಪೇಪರ್ ಮಡಚಿ ಚಪ್ಪಾಳೆ ತಟ್ಟುತ್ತಿದ್ದೆ. ಪ್ರತಿ ಸಲವೂ ಅದನ್ನು ನೀನು ಅಷ್ಟು ಗಟ್ಟಿಯಾಗಿ ಯಾಕೆ ಕೂಗುತ್ತಿದ್ದೆ ಎಂದು ಈಗ, ಇಷ್ಟು ತಡವಾಗಿ, ಹೊಳೆಯುತ್ತಿದೆ.

ಅವನ ಎಡಗಾಲು ಎಲ್ಲಿರುತ್ತಿತ್ತು ಎಂಬುದು ಗೊತ್ತಿರುವವಳು ನೀನೊಬ್ಬಳೇ. ಚಿನ್ನುವಿಗೆ ಆ ಬೆಂಚಿನಲ್ಲೇ ಹೇಳು, ನನಗೂ ಕೇಳುವ ಹಾಗೆ. ಹದ್ದಿದೆ, ಮೆಲ್ಲಗೆ ಹೇಳಿದರೆ ಸಾಕು. ಪೇಪರನ್ನು ಮನೆಯಲ್ಲೇ ಬಿಟ್ಟು ಬರುತ್ತೇನೆ.