ಹಿಮನದಿಯ ಪುಸ್ತಕಗಳು

ರಾಣೆಬೆನ್ನೂರು
೧೧ ಫೆಬ್ರುವರಿ ೨೦೨೫

ಶ್ವೇತಾಳ ಅಪ್ಪಾಜಿಯವರಿಗೆ ಸುಧಾರಾಣಿಯ ನಮಸ್ಕಾರಗಳು.

ನೀವು ಬ್ಯಾಡಗಿಯ ನಿಮ್ಮ ಅಣ್ಣನ ಮನೆಗೆ ಹೋಗಿ ಎರಡು ವರ್ಷವಾಯಿತು. ನನ್ನ ದನಿ ಕೇಳಿದರೆ ಫೋನ್ ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ.

ನಿಮ್ಮ ಪುಸ್ತಕಗಳನ್ನು ದೀಪಾವಳಿಯ ಹೊತ್ತಿಗೆ ರದ್ದಿಗೆ ಹಾಕಿದೆ. ಗುತ್ತಲದ ಶಾಲೆಯಲ್ಲಿ ಭೂಗೋಳ ಕಲಿಸುತ್ತ, ರಜೆ ಬಂದರೆ ಪುಣೆಯ ಹಳೆ ಪುಸ್ತಕದಂಗಡಿ ಅಲೆದು, ಮೂವತ್ತು ವರ್ಷ ನೀವು ಕೂಡಿಸಿದವು. ಹಿಮನದಿಗಳವು, ಆದಿಮಾನವರವು, ನೂರೈವತ್ತು ವರ್ಷ ಹಳೆಯವು. ಓದು ಬರುವ ಮೊದಲೇ ಶ್ವೇತಾ ಅವುಗಳ ಚಿತ್ರ ನೋಡುತ್ತ ನಿಮ್ಮ ತೊಡೆಯ ಮೇಲೆ ನಿದ್ದೆಹೋಗುತ್ತಿದ್ದಳು. ಹೊಳೆದಂಡೆಯ ಕಲ್ಲನ್ನೆಲ್ಲ ಎತ್ತಿ, "ಅಪ್ಪಾಜಿ, ಇದು ಆದಿಮಾನವರ ಕೊಡ್ಲಿ ಏನ?" ಎನ್ನುತ್ತಿದ್ದಳು. ಭೂವಿಜ್ಞಾನವನ್ನೇ ಓದಿದಳು. ೨೦೨೨ರಲ್ಲಿ ಹಿಮನದಿ ಅಳೆಯಲು ಹಿಮಾಲಯಕ್ಕೆ ಹೋದವಳು ಹಿಮದ ಬಿರುಕಿನಲ್ಲಿ ಬಿದ್ದಳು. ಹೆಣವೂ ಸಿಗಲಿಲ್ಲ.

ಆಮೇಲೂ ನೀವು ಪುಸ್ತಕ ತರಿಸುವುದನ್ನು ಬಿಡಲಿಲ್ಲ. ಮೊದಲಿಗಿಂತ ಹೆಚ್ಚು ತರಿಸಿದಿರಿ. ಒಂದು ದಿನವೂ ಅಳಲಿಲ್ಲ. ನಾನು ಕಂಡವರ ಮುಂದೆಲ್ಲ, "ಇವರ ಪುಸ್ತಕಾನ ನನ್ನ ಮಗಳನ್ನ ತಿಂದಾವ" ಎಂದೆ. ಅದೇ ವಾರ ನೀವು ಒಂದು ಕೈಚೀಲ ಹಿಡಿದು ಹೊರಟಿರಿ.

ಮೊನ್ನೆ ರದ್ದಿಯ ಫಕ್ಕೀರಸಾಬ ಬಂದ. "ಉಳಿದವು ಅವಾಗ ಹೋದ್ವರಿ ಅಕ್ಕಾರ. ಇದೊಂದರಾಗ ಮಾಸ್ತರ್ರು ಪೆನ್ಸಿಲ್‌ಲೆ ಬರದಾರ, ಮಗಳ ಹೆಸರೈತಿ. ಹರಿಯಾಕ ಕೈ ಬರಲಿಲ್ಲರಿ" ಎಂದು ಕೊಟ್ಟುಹೋದ.

ಪುಸ್ತಕ ಇಂಗ್ಲಿಷಿನದು. ಎದುರುಮನೆಯ ಲೆಕ್ಚರರ್ ಸುಶ್ಮಿತಾ ಓದಿ ಹೇಳಿದಳು. ಹಿಮನದಿ ನಿಂತಂತೆ ಕಂಡರೂ ವರ್ಷಕ್ಕೆ ಇಷ್ಟಿಷ್ಟು ಕೆಳಗೆ ಸರಿಯುತ್ತದಂತೆ. ತನ್ನೊಳಗೆ ಬಿದ್ದವರನ್ನು ನಲವತ್ತು ವರ್ಷದ ಮೇಲೆ ಬೆಟ್ಟದ ಬುಡದಲ್ಲಿ ಹೊರಗೆ ತಂದು ಬಿಡುತ್ತದಂತೆ. ಅಂಚಿನ ತುಂಬ ನಿಮ್ಮ ಲೆಕ್ಕ, ಅಳಿಸಿ ಅಳಿಸಿ ಬರೆದದ್ದು. ಕೊನೆಗೆ: "ಶ್ವೇತಾ ಬರುವುದು ೨೦೬೨ಕ್ಕೆ. ಆಗ ನನಗೆ ನೂರಾ ಎರಡು."

ಮಗಳು ಎಲ್ಲಿ, ಯಾವಾಗ ಸಿಗುತ್ತಾಳೆಂದು ನೀವು ಆ ಪುಸ್ತಕಗಳಲ್ಲಿ ಹುಡುಕುತ್ತಿದ್ದಿರಿ. ನಾನು ಅವನ್ನೇ ತೂಕಕ್ಕೆ ಹಾಕಿದೆ.

ಉಳಿದ ಒಂದನ್ನು ಇದರ ಜೊತೆ ಕಳಿಸಿದ್ದೇನೆ. ಮನೆಗೆ ಬನ್ನಿ ಎಂದು ಕೇಳುವ ಮುಖ ನನಗಿಲ್ಲ.

ಇಂತಿ,
ಶ್ವೇತಾಳ ಅವ್ವ,
ಸುಧಾರಾಣಿ

ತಾ.ಕ.: ಶ್ವೇತಾ ಬಿದ್ದ ದಿನ ಮುಂಜಾನೆ, ಹಿಮ ಹತ್ತುವ ಮೊದಲು, ಫೋನ್ ಮಾಡಿದ್ದಳು. ನೀವು ಹಾಲು ತರಲು ಹೋಗಿದ್ದಿರಿ. "ಅವ್ವಾ, ಯಾಕೋ ಹೆದರಿಕಿ ಆಗಾಕತ್ತೇತಿ. ಇವತ್ತೊಂದಿನ ಬಿಟ್ಟುಬಿಡ್ಲೇನ?" ಎಂದಳು. "ಅಷ್ಟು ದೂರ ಹೋಗಿ ಹೆದರ್ತಾರೇನ ಹುಚ್ಚಿ, ಹೋಗಿ ಬಾ" ಎಂದೆ. ಇದನ್ನು ನಿಮಗೆ ಇಲ್ಲಿಯವರೆಗೆ ಹೇಳಿರಲಿಲ್ಲ.