ಕಂಪ್ಯೂಟರ್ ಕೊಡಬೇಡ

20-4-89, ಬೆಳಗ್ಗೆ ಎಂಟು ಗಂಟೆ

ಚಂದ್ರಣ್ಣ,

ಕಂಪ್ಯೂಟರ್ ಕೊಳ್ಳಲು ಕುರುಗೋಡಿನವರು ಹನ್ನೊಂದಕ್ಕೆ ಬಂದರೆ ಚಹಾ ಕೊಟ್ಟು ಕಳಿಸು. ಕಂಪ್ಯೂಟರ್ ಮಾತ್ರ ಕೊಡಬೇಡ. ಅದು ಕೆಟ್ಟಿಲ್ಲ.

"ಒಳಗ ಸುಟ್ಟೈತಿ, ಬಂದಷ್ಟಕ್ಕ ಮಾರ್‍ರಿ" ಎಂದ ರಿಪೇರಿಯವನು ಅದನ್ನು ಬಿಚ್ಚಿಯೂ ನೋಡಿರಲಿಲ್ಲ. ಇವತ್ತು ಐದಕ್ಕೇ ಎದ್ದು, ಪ್ಲಗ್ ಕಿತ್ತು, ನಾನೇ ಬಿಚ್ಚಿದೆ. ಹಿಂದಿನ ಫ್ಯಾನಿಗೆ ನೀನು ಹೊಲಿಯುವ ಜೀನ್ಸ್ ಬಟ್ಟೆಯ ನೀಲಿ ದೂಳು ಅರಳೆಯಂತೆ ಮೆತ್ತಿಕೊಂಡಿತ್ತು. ಫ್ಯಾನು ತಿರುಗದೆ, ಒಳಗೆಲ್ಲ ಕಾದು, ತಾನೇ ಬಂದ್ ಆಗುತ್ತಿತ್ತು. ಬ್ರಷ್‌ನಿಂದ ಎಲ್ಲ ಕೆರೆದು ತೆಗೆದೆ. ಆಮೇಲೆ ಎರಡು ತಾಸು ಓಡಿಸಿದೆ, ಒಮ್ಮೆಯೂ ನಿಲ್ಲಲಿಲ್ಲ.

ಇನ್ನು ನಿನ್ನ ಕೆಲಸ. ಹೊಲಿಗೆ ಮಷೀನನ್ನು ಪಡಸಾಲೆಯಿಂದ ಹಿಂದಿನ ಕೋಣೆಗೆ ಸರಿಸು. ಕಂಪ್ಯೂಟರನ್ನು ಗೋಡೆಯಿಂದ ಒಂದು ಗೇಣು ಮುಂದಿಟ್ಟಿದ್ದೇನೆ, ಹಿಂದಕ್ಕೆ ತಳ್ಳಬೇಡ. ಅದರ ಮೇಲೆ ಪ್ಯಾಂಟು ಮಡಿಚಿ ಇಟ್ಟರೆ ಬಂದು ಜಗಳ ಮಾಡುತ್ತೇನೆ.

ನಾನು ಸಿರುಗುಪ್ಪದ ಬಸ್ಸಿಗೆ ಹೊರಟೆ. ಕಾಲೇಜಿನ ಮೇಡಂ ನನಗೆ ಒಪ್ಪಿಸಿದ್ದ ತಮ್ಮ ಪುಸ್ತಕದ ಟೈಪಿಂಗನ್ನು ಬೇರೆಯವರಿಗೆ ಕೊಡುವ ಮೊದಲೇ, "ಸೋಮವಾರದೊಳಗ ಮುಗಿಸಿ ಕೊಡ್ತೀನ್ರಿ" ಎಂದು ಎದುರಿಗೇ ಹೇಳಿ ಬರುತ್ತೇನೆ.

ಮೊನ್ನೆ ನಾನು ಅತ್ತದ್ದನ್ನು ನೋಡಲಾರದೆ ನೀನು, "ಮಾರಿಬಿಡಾಣ ಬಿಡು ಪಾರಿ, ನಿನಗಿಂತ ಅದೇನು ಹೆಚ್ಚಲ್ಲ" ಎಂದೆ. ಅದಕ್ಕೇ ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಇನ್ನು ಅಳುವುದಿಲ್ಲ ಅಣ್ಣ. ಮತ್ತೆ ನಿಂತರೆ ಬಿಚ್ಚಿ ನೋಡಲು ನನಗೆ ಬರುತ್ತದೆ.

ನಿನ್ನ ತಂಗಿ,
ಪಾರಮ್ಮ