ಅಮ್ಮನಿಗೆ, ಬಸ್ ಡಿಪೋಗೆ ಹೊರಡುವ ಮುನ್ನ

ಅಮ್ಮಾ,

ಏಳೂವರೆ. ಬಸ್ ಡ್ರೈವರ್ ತರಬೇತಿಗೆ ಹೊರಟಿದ್ದೇನೆ. ಮೊದಲ ದಿನ, ನಿನ್ನ ಸ್ನಾನ ಮುಗಿಯುವ ತನಕ ಕಾಯಲಾರೆ. ನನ್ನ ವಕೀಲಿಕೆಯ ಕರಿ ಕೋಟನ್ನು ಮತ್ತೆ ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿದ್ದೀಯ. ಒಳಗಿಡು.

ಮಾತ್ರೆ ತಿಂಡಿಯಾದ ಮೇಲೆ, ಮೊದಲಲ್ಲ.

ನನಗೆ ಫೋನ್ ಮಾಡುವ ವಿಚ್ಛೇದನದ ಕಕ್ಷಿದಾರರಿಗೆ "ನಾಲ್ಕು ದಿನದ ಹುಚ್ಚು, ಮತ್ತೆ ಕೋರ್ಟಿಗೇ ಬರ್ತಾಳೆ" ಅನ್ನಬೇಡ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತೀಯ. ಕೌಟುಂಬಿಕ ನ್ಯಾಯಾಲಯದಲ್ಲಿ ಇಷ್ಟು ವರ್ಷ ನಾನು ನೋಡಿದ್ದು ಉಂಡ ತಟ್ಟೆಗೂ ಪಾಲು ಕೇಳುವವರನ್ನು. ಬಸ್ಸಿನಲ್ಲಾದರೆ ಜಗಳವಾಡುವವರನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಬಹುದು.

ನಿನ್ನೆ ನನ್ನ ಫೋನೆತ್ತಿ ನೀನು ಬರಹೇಳಿದ ದಂಪತಿ ಇದನ್ನು ಬರೆಯುವಾಗಲೇ ಬಂದರು. ವಕೀಲಿಕೆ ಬಿಟ್ಟೆನೆಂದು ಹೇಳಿ ಜೂನಿಯರ್ ನಂಬರು ಕೊಟ್ಟೆ. ಬೇಡವಂತೆ, ಫೋನಿನಲ್ಲಿ ಬುದ್ಧಿ ಹೇಳಿದ ನಿನ್ನ ಹತ್ತಿರವೇ ಮಾತಾಡಬೇಕಂತೆ. ಇಬ್ಬರೂ ಮೆಟ್ಟಿಲ ಮೇಲೆ ಕೂತಿದ್ದಾರೆ.